ರೈಸ್ ಮಿಲ್, ಚೂಡಾ ಯೂನಿಟ್‌ನಿಂದ ಡಂಪ್‌ಗೆ ಹೋಗೋ ಕಸ ಕಡಿಮಿ ಮಾಡೋದು ಹೆಂಗ?

ನೀವು ಕೇಳಿದ್ದು, ಕಾರಟಗಿ ಹತ್ರ ರೈಸ್ ಮಿಲ್ ಐತಿ, ಪಕ್ಕದಾಗ ಹೊಸದಾಗಿ ಚೂಡಾ-ಖಾರಾ ಯೂನಿಟ್ ಹಾಕೀವಿ, ಡಂಪ್‌ಗೆ ಹೋಗೋ ಲೋಡ್ ಇಳಿಸಬೇಕು, ಕಂಪೋಸ್ಟ್ ಮಷಿನ್ ತಗೊಳ್ಳೋದಾ ಅಂತ. ಈಗ ಬ್ಯಾಡ್ರಿ. ನಾನು ಗಂಗಾವತಿ ಕಡಿ ಮಿಲ್‌ನಾಗ ಸೂಪರ್‌ವೈಸರ್, ನಾ ನೋಡಿದಂಗ ಮಿಲ್‌ನಿಂದ ಡಂಪ್‌ಗೆ ಹೋಗೋದ್ರಾಗ ಕೊಳೆಯೋ ಮಾಲು ಕಡಿಮಿ, ಹೊಟ್ಟು ಸುಟ್ಟ ಬೂದಿನೇ ಜಾಸ್ತಿ.

100 ಕೆಜಿ ಭತ್ತಕ್ಕ ಹತ್ತತ್ರ 20 ಕೆಜಿ ಹೊಟ್ಟು, 8 ಕೆಜಿ ತೌಡು ಬರ್ತೈತಿ. ನುಚ್ಚಿಗೆ ಗಿರಾಕಿ ಇದ್ದೇ ಅದಾರ. ತೌಡು ಆಯಿಲ್ ಮಿಲ್‌ಗೆ, ಎಣ್ಣಿ ತೆಗೆದ ಮ್ಯಾಲೆ ಉಳಿದಿದ್ದು ದನ-ಕೋಳಿ ಫೀಡ್‌ಗೆ, ಆದ್ರ ಹಸಿ ಅಕ್ಕಿ ತೌಡನ್ನ ಗೋಡೌನ್‌ನಾಗ ಇಟ್ಕೊಂಡು ಕುಂದರಬ್ಯಾಡ್ರಿ, ಲೈಪೇಸ್ ಅನ್ನೋ ಎಂಜೈಮ್ ಶುರುವಾಗಿ ಆಸಿಡ್ ಏರಿ ಅವರು ರೇಟ್ ಕಡೀತಾರ. ಬಾಯ್ಲ್ಡ್ ರೈಸ್ ತೌಡು ಸ್ವಲ್ಪ ತಡೀತೈತಿ.

ಈಗ ಬೂದಿ. ದಿನಕ್ಕ 100 ಟನ್ ಭತ್ತ ಓಡ್ಸಿ ಹೊಟ್ಟೆಲ್ಲಾ ನಿಮ್ ಬಾಯ್ಲರ್‌ಗೇ ಹಾಕಿದ್ರ ಹೆಚ್ಚುಕಡಿಮಿ 4 ಟನ್ ಬೂದಿ. ಅದ್ರಾಗ 85-90 ಪರ್ಸೆಂಟ್ ಸಿಲಿಕಾ (ಮರಳಿನಾಗ ಇರೋ ಅಂಶ), ಅದಕ್ಕೇ ಇಟ್ಟಂಗಿ, ಕಾಂಕ್ರೀಟ್‌ಗೆ ಬೇಕಾಗ್ತೈತಿ, ಸ್ಟೀಲ್ ಪ್ಲಾಂಟ್‌ನಾಗ ಕರಗಿದ ಉಕ್ಕಿನ ಮ್ಯಾಲೆ ಶಾಖ ಹೋಗಬಾರದು ಅಂತ ಇದನ್ನ ಹಾಸ್ತಾರ. ಅಂದ್ರ ಮಾರೋ ಮಾಲು. ಕೆಡಿಸೋರು ನಾವು, ಬಾಯ್ಲರ್ ಹುಡುಗ ಧೂಳು ಏಳ್ತೈತಿ ಅಂತ ಗುಂಡಿಗೆ ಪೈಪ್ ಬಿಟ್ಟು ತೋಯಿಸಿಬಿಡ್ತಾನ, ಸಂಜಿ ಕಸ ಗುಡಿಸಿದೋರು ಅದೇ ಗುಂಡಿಗೆ ಚೀಲದ ದಾರ, ಗುಟ್ಕಾ ಪಾಕೀಟು ಎಲ್ಲಾ ಸುರೀತಾರ. ಕೊಳ್ಳೋನು ಬಂದು ಕಂಬಿ ಚುಚ್ಚಿ ನೋಡ್ತಾನ, ಕರಿ ಹೆಂಟಿ ಒಳಗಿಂದ ನೀಲಿ ದಾರ ಜೋತು ಬೀಳ್ತೈತಿ, ಅಷ್ಟೇ, ಗಾಡಿ ವಾಪಸ್. ಅಂಥ ಬೂದಿಗೆ ರಸ್ತಿ ಪಕ್ಕದ ತಗ್ಗೇ ಗತಿ. ಕಂಪೋಸ್ಟ್ ಮಷಿನ್ ರೊಕ್ಕದಾಗ ಮುಚ್ಚಿದ ಹಾಪರ್ (ಕೆಳಗ ಬಾಯಿ ಇರೋ ಡಬ್ಬಿ) ಹಾಕ್ಸಿ ಒಣ ಬೂದಿನ ಜಂಬೋ ಬ್ಯಾಗ್‌ಗೆ ಇಳಿಸ್ರಿ, ಕಸಕ್ಕ ಬ್ಯಾರೆ ಜಾಗ ಮಾಡ್ರಿ. ತುಂಬೋರಿಗೆ ಒಳ್ಳೆ ಮಾಸ್ಕ್ ಕೊಡ್ರಿ, ಬಾಯ್ಲರ್ ಶಾಖ ವಿಪರೀತ ಆದ್ರ ಸಿಲಿಕಾ ಕ್ರಿಸ್ಟಲ್ ಆಗ್ತೈತಿ, ಅದು ಪುಪ್ಪುಸಕ್ಕ ಕೆಟ್ಟದ್ದು, ಟವೆಲ್ ಕಟ್ಕೊಂಡ್ರ ನಡೆಯಂಗಿಲ್ಲ.

ಚೂಡಾ ಕಡಿ ಬರ್ರಿ. ಕರಿದ ಎಣ್ಣಿಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ) ರೂಲ್ ಐತಿ, 2018 ಜುಲೈನಿಂದ ಟಿಪಿಸಿ, ಅಂದ್ರ ಎಣ್ಣಿ ಕಾದು ಕಾದು ಕೆಟ್ಟಾಗ ಹೆಚ್ಚೋ ಅಂಶ, 25 ಪರ್ಸೆಂಟ್ ದಾಟಿದ್ರ ಬಳಸಂಗಿಲ್ಲ, ದಿನಕ್ಕ 50 ಲೀಟರ್ ಮ್ಯಾಲೆ ಬಳಸೋರು ರೆಕಾರ್ಡ್ ಇಡಬೇಕು. ಹಳೆ ಎಣ್ಣಿ ಬಯೋಡೀಸಲ್‌ಗೆ ಒಯ್ಯೋ ಅಧಿಕೃತ ಏಜೆನ್ಸಿಗೇ ಕೊಡ್ರಿ, ಬಂಡಿ ಮಿರ್ಚಿಯೋರಿಗೆ ಅಲ್ಲ. ಪುಡಿ ಅವಲಕ್ಕಿನ ಉಪ್ಪು-ಖಾರ ಬೀಳೋಕಿಂತ ಮುಂಚೆ ಜರಡಿ ಹಿಡಿದು ತೆಗೆದ್ರ ದನಕ್ಕ ಹಾಕಬಹುದು, ಮಸಾಲಿ ಬಿದ್ದ ಮ್ಯಾಲೆ ಯಾವ ಎಮ್ಮಿಗೂ ಬ್ಯಾಡ.

ಚೂಡಾ ತುಂಬೋ ಬೆಳ್ಳಿ ಬಣ್ಣದ ಪೌಚ್ ಇರ್ತೈತಲ್ಲ, ಅದೇ ನಿಜವಾದ ತಲಿಬ್ಯಾನಿ. ಪದರ ಪದರ ಅಂಟಿಸಿದ ಮಾಲು, ಗುಜರಿಯೋನು ಮುಟ್ಟಂಗಿಲ್ಲ. ಕಲಬುರಗಿ ಕಡಿ ಸಿಮೆಂಟ್ ಫ್ಯಾಕ್ಟರಿ ಅದಾವ, ಇಂಥದ್ದನ್ನ ಕಿಲ್ನ್‌ನಾಗ (ಸಿಮೆಂಟ್ ಸುಡೋ ಭಟ್ಟಿ) ಸುಡೋಕ ಬರ್ತೈತಿ, ಆದ್ರ ನಿಮ್ಮ ನಾಕು ಚೀಲಕ್ಕ ಯಾರು ಗಾಡಿ ಕಳಿಸ್ತಾರ. ಅದಕ್ಕ ಹಾಳಾಗೋದನ್ನೇ ತಡೀರಿ, ರೋಲ್ ಬದಲಿಸುವಾಗ, ಸೀಲಿಂಗ್ ಹೀಟ್ ಸೆಟ್ ಆಗೋ ತನ ಬೀಳೋ ಪೌಚ್‌ನ ಶಿಫ್ಟ್‌ವಾರು ತೂಕ ಮಾಡಿ ಗೋಡಿ ಮ್ಯಾಲೆ ಬರೆಸ್ರಿ. ಯಾರ ಶಿಫ್ಟ್‌ನಾಗ ಜಾಸ್ತಿ ಅಂತ ಹುಡುಗ್ರೇ ಜಗಳ ತೆಗೀತಾರ.

ನಿಮ್ ಬಾಯ್ಲರ್ ಗ್ರೇಟ್ ಟೈಪಾ (ಕಬ್ಬಿಣದ ಜಾಲರಿ ಮ್ಯಾಲೆ ಸುಡೋದು), ಫ್ಲುಯಿಡೈಸ್ಡ್ ಬೆಡ್ಡಾ (ಕೆಳಗಿಂದ ಗಾಳಿ ಊದಿ ಮರಳಿನ ಜೋಡಿ ತೇಲಿಸಿ ಸುಡೋದು), ಬೂದಿ ಕರ್ರಗ ಬರ್ತೈತೋ ಬೂದು ಬಣ್ಣ ಬರ್ತೈತೋ ಕಾಮೆಂಟ್‌ನಾಗ ಹಾಕ್ರಿ, ಯಾರಿಗೆ ಮಾರಬಹುದು ಅನ್ನೋದು ಅದ್ರ ಮ್ಯಾಲೇ ಐತಿ.