ಸಭೆಯ ಊಟದಲ್ಲಿ ಜಾತಿವಾರು ಪಂಕ್ತಿ: ಎಲ್ಲಿಂದ ಶುರು ಮಾಡೋದು?

ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಊಟಕ್ಕೆ ಒಂದೊಂದು ಜಾತಿಯವರು ಬೇರೆ ಬೇರೆ ಕೂರುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಬರೀ ಬೋಧನೆಯಿಂದ ಇದು ಹೋಗಲ್ಲ, ಅಡುಗೆಮನೆಯಿಂದ ಹಿಡಿಯಿರಿ. ಅಡುಗೆ, ಬಡಿಸುವುದು, ಪಾತ್ರೆ ತೊಳೆಯುವುದು ಮೂರಕ್ಕೂ ಚೀಟಿ ಎತ್ತಿ ತಂಡ ಮಾಡಿ, ತಿಂಗಳಿಗೊಮ್ಮೆ ಬದಲಿಸಿ. ಸಾಮಾನ್ಯವಾಗಿ ಕೆಡುವುದು ಇಲ್ಲೇ: ದಲಿತ ಮನೆಯವರ ಪಾಲಿಗೆ ಪಾತ್ರೆ ಮಾತ್ರ ಉಳಿಯುತ್ತದೆ. ಬಫೆ ಬೇಡ, ತಟ್ಟೆ ಹಿಡಿದವರು ತಮ್ಮ ಗುಂಪಿಗೇ ಹೋಗುತ್ತಾರೆ. ಬಾಗಿಲಲ್ಲಿ ನಂಬರ್ ಚೀಟಿ ಕೊಟ್ಟು ಪಂಕ್ತಿಯಲ್ಲಿ ಕೂರಿಸಿ. ಪಾಸ್ಟರೂ ಹಿರಿಯರೂ ಅದೇ ಡಬ್ಬಿಯಿಂದ ಚೀಟಿ ತೆಗೆಯಲಿ.

"ಹಿಂದಿನಿಂದ ಬಂದ ಪದ್ಧತಿ" ಅನ್ನುವವರಿಗೆ ಬೈಬಲಿನ ಗಲಾತ್ಯ ಪತ್ರಿಕೆಯ 2:11-14 ಓದಿಸಿ. ಅಂತಿಯೋಕ್ಯದಲ್ಲಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಉಣ್ಣುವುದನ್ನು ಬಿಟ್ಟು ಹಿಂದೆ ಸರಿದ ಯೇಸುವಿನ ಶಿಷ್ಯ ಪೇತ್ರನನ್ನು ಅಪೊಸ್ತಲ ಪೌಲ ಎಲ್ಲರೆದುರೇ ತರಾಟೆಗೆ ತೆಗೆದುಕೊಂಡ. ಜಗಳ ಹತ್ತಿದ್ದೇ ಊಟಕ್ಕೆ, ನೋಡಿ! ಕೆಲವರು ಉಣ್ಣದೆ ಹೊರಟಾರು. ಅವರಿಗಾಗಿ ಪಂಕ್ತಿ ಬದಲಿಸಬೇಡಿ, ಆ ವಾರವೇ ಮನೆಗೆ ಹೋಗಿ ಮಾತಾಡಿ.