ದೋಸೆ ಚಂದ್ರನಲ್ಲ

ಆತ್ಮೀಯರೇ,

ನಿಮ್ಮ ‘ತಟ್ಟೆಯೊಳಗಿನ ಲೋಕಗಳು’ ಓದಿದೆ. ಊಟ-ತಿಂಡಿಯನ್ನು ತೀರಾ ಹತ್ತಿರದಿಂದ ತೆಗೆದ ಹನ್ನೆರಡು ಮ್ಯಾಕ್ರೋ ಫೋಟೊ, ಪ್ರತಿಯೊಂದರ ಕೆಳಗೂ ಒಂದು ಪ್ಯಾರಾ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಬದಿಗಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಫೋಟೊಗಳು ಪರವಾಗಿಲ್ಲ, ಸೋತಿರುವುದು ಬರಹ. ಮುದ್ದೆ ‘ಮಂಗಳನ ಅಂಗಳದಂತೆ’, ಬೆಲ್ಲ ‘ಮರುಭೂಮಿಯಂತೆ’, ದೋಸೆ ‘ಚಂದ್ರನಂತೆ’. ‘ಅಂತೆ’ ಅಂದ ಕೂಡಲೇ ನೀವು ನೋಡುವುದನ್ನೇ ಬಿಟ್ಟಿದ್ದೀರಿ. ದೋಸೆಯನ್ನೇ ತೆಗೆದುಕೊಳ್ಳಿ. ಹುದುಗಿದ ಹಿಟ್ಟಿನ ಗುಳ್ಳೆಗಳೂ ಕಾದ ಕಾವಲಿಯಿಂದೇಳುವ ಆವಿಯೂ ಒಳಗಿನಿಂದ ಒಡೆದು ಬಂದ ದಾರಿ ಆ ತೂತು. ಚಂದ್ರನ ಕುಳಿಗಳೋ, ಬಹುಪಾಲು ಹೊರಗಿನಿಂದ ಬಂದು ಬಡಿದ ಕಲ್ಲಿನ ಗುರುತು. ರೂಪ ಒಂದೇ, ಹುಟ್ಟು ಬೇರೆ. ನಿಮ್ಮ ದೋಸೆಗೆ ನೆಂಟಸ್ತಿಕೆ ಇರುವುದು ಗುರುಗ್ರಹದ ಉಪಗ್ರಹ ಅಯೋ ಜೊತೆ. 1979ರಲ್ಲಿ ವಾಯೇಜರ್ 1 ಬಾಹ್ಯಾಕಾಶ ನೌಕೆ ಅದರ ಚಿತ್ರ ಕಳಿಸಿದಾಗ ಆ ಹಳದಿ-ಕೆಂಪು ಮೈಯನ್ನು ಪಿಜ್ಜಾಗೆ ಹೋಲಿಸಿದ್ದರು. ಆ ಬಣ್ಣದ ಬಹುಭಾಗ ಅಲ್ಲಿನ ಜ್ವಾಲಾಮುಖಿಗಳು ಉಗುಳಿದ ಗಂಧಕದ್ದು. ಅಲ್ಲಿಂದ ಶುರುಮಾಡಿ. ಆ ನೆಲದಲ್ಲಿ ನಿಂತವನ ಕಾಲಿಗೆ ಏನು ಮೆತ್ತುತ್ತದೆ? ಮುಂದಿನ ಗುಳ್ಳೆ ಎಲ್ಲಿ ಏಳಬಹುದು?

ನಾಲ್ಕನೇ ಚಿತ್ರದಲ್ಲಿ ತೂತುಗಳು ಗುಬುಟುಗಳಾಗಿ ಕಾಣುತ್ತಿವೆ, ಗಮನಿಸಿದಿರಾ? ಬೆಳಕು ಕೆಳಗಿನಿಂದ ಬಿದ್ದಿದೆ. ಬೆಳಕು ಮೇಲಿನಿಂದಲೇ ಬರುತ್ತದೆಂದು ನಮ್ಮ ಕಣ್ಣು ನಂಬಿಕೊಂಡಿರುವುದರಿಂದ ತಗ್ಗು ದಿಬ್ಬವಾಗುತ್ತದೆ. ಚಿತ್ರವನ್ನು ತಲೆಕೆಳಗು ಮಾಡಿ, ಸರಿಹೋಗುತ್ತದೆ. ಮುದ್ದೆಗೆ ನೇರ ಫ್ಲಾಶ್ ಹೊಡೆದು ಚಪ್ಪಟೆ ಮಾಡಿದ್ದೀರಿ. ಬೆಳಗಿನ ಕಿಟಕಿಯ ಓರೆ ಬಿಸಿಲು ಸಾಕಿತ್ತು.

ಶೀರ್ಷಿಕೆಗಳಲ್ಲಿ ‘ಅದ್ಭುತ’, ‘ರಮ್ಯ’, ‘ಮಾಯಾಲೋಕ’. 1930ರಲ್ಲಿ ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ ಒಂದು ದಪ್ಪ ಮೆಣಸಿನಕಾಯಿಯನ್ನು ತಗಡಿನ ಲಾಳಿಕೆಯೊಳಗಿಟ್ಟು ಫೋಟೊ ತೆಗೆದ. ನೋಡಿದವರಿಗೆ ಮನುಷ್ಯರ ಬೆನ್ನು, ಭುಜ ಕಾಣುತ್ತವೆ. ಅವನಿಟ್ಟ ಹೆಸರು ‘ಪೆಪ್ಪರ್ ನಂ. 30’, ಅಷ್ಟೇ.

ಹಾಲಿನ ಕೆನೆಯ ಚಿತ್ರ ಮಾತ್ರ ಹಾಗೇ ಇರಲಿ. ‘ಉಫ್ ಅಂದರೆ ಬೆಟ್ಟಸಾಲು ಆಚೆ ದಡಕ್ಕೆ ಸರಿಯಿತು’ ಎಂದಿದ್ದೀರಿ. ಇಡೀ ಬರಹದಲ್ಲಿ ನನಗೆ ಹೊಟ್ಟೆಕಿಚ್ಚು ತರಿಸಿದ ಸಾಲು ಅದೊಂದೇ. ಅಲ್ಲಿ ‘ಅಂತೆ’ ಇಲ್ಲ.

ಬೆಲ್ಲದ ಚಿತ್ರಕ್ಕೆ ಮುಂಚೆ ಇರುವೆಗಳನ್ನು ಓಡಿಸಿದೆ ಎಂದು ಪತ್ರದಲ್ಲಿ ಬರೆದಿದ್ದೀರಿ. ಯಾಕೆ ಓಡಿಸಿದಿರಿ? ಆ ಮರುಭೂಮಿಯನ್ನು ದಾಟಿ ಬಂದವು ಅವೇ ಅಲ್ಲವೇ.

ಕೆನೆ, ಬೆಲ್ಲ, ದೋಸೆ: ಈ ಮೂರನ್ನೇ ಮತ್ತೆ ಬರೆದು ಕಳಿಸಿ, ಉಳಿದ ಒಂಬತ್ತು ಬೇಡ. ದೋಸೆಯನ್ನು ಹೊಸದಾಗಿ ಹುಯ್ಯಿಸಿಕೊಳ್ಳಿ. ಈ ಚಿತ್ರದಲ್ಲಿರುವುದು ತಣ್ಣಗಾಗಿ ಮುದುರಿದ್ದು ಅಂತ ನನಗೂ ಗೊತ್ತಾಯಿತು.

ಇಂತಿ,
ಸಂಪಾದಕ