ಆನರ್ ಸೊಸೈಟಿಗೆ ಹಣ ಕಟ್ಟಬೇಕೇ?

ಪ್ರಶ್ನೆ: ನಾನು ಬಿಬಿಎ ಐದನೇ ಸೆಮಿಸ್ಟರ್ ವಿದ್ಯಾರ್ಥಿನಿ. ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಆನರ್ ಸೊಸೈಟಿಗೆ ಆಯ್ಕೆಯಾಗಿರುವುದಾಗಿಯೂ, ವಾರದೊಳಗೆ ಆರು ಸಾವಿರ ರೂಪಾಯಿ ಕಟ್ಟಿದರೆ ಪ್ರಮಾಣಪತ್ರ, ಪದಕ ಕಳುಹಿಸುವುದಾಗಿಯೂ ಇ-ಮೇಲ್ ಬಂದಿದೆ. ತಂದೆಯವರು ಜೀನ್ಸ್ ಹೊಲಿಗೆ ಘಟಕ ನಡೆಸುತ್ತಾರೆ. ಎಂಬಿಎ ಪ್ರವೇಶಕ್ಕೆ ಅನುಕೂಲವಾಗುವುದಾದರೆ ಹಣ ಕೊಡಲು ಸಿದ್ಧರಿದ್ದಾರೆ. ಸೇರಬಹುದೇ?
– ಹೆಸರು ಬೇಡ, ಬಳ್ಳಾರಿ

ಉತ್ತರ: ಈ ಇ-ಮೇಲ್ ನಂಬಿ ಹಣ ಕಟ್ಟಬೇಡಿ.

ಓದಿನಲ್ಲಿ ಮುಂದಿರುವ ವಿದ್ಯಾರ್ಥಿಗಳನ್ನು ಆರಿಸಿ, ಸದಸ್ಯತ್ವ ಕೊಟ್ಟು ಗೌರವಿಸುವ ಆನರ್ ಸೊಸೈಟಿ ಅಮೆರಿಕದ ಕಾಲೇಜುಗಳ ಹಳೆಯ ಪದ್ಧತಿ. 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾ ಇವುಗಳಲ್ಲಿ ಹಿರಿಯದು. ವಾಣಿಜ್ಯ ಮತ್ತು ನಿರ್ವಹಣಾ ವಿಷಯಗಳಲ್ಲಿ ಹೆಚ್ಚು ಹೆಸರಿರುವುದು 1913ರಲ್ಲಿ ಆರಂಭವಾದ ಬೀಟಾ ಗಾಮಾ ಸಿಗ್ಮಾಕ್ಕೆ. ಎಎಸಿಎಸ್‌ಬಿ ಎಂಬ ಸಂಸ್ಥೆಯ ಮಾನ್ಯತೆ ಪಡೆದ ಬಿಸಿನೆಸ್ ಸ್ಕೂಲ್‌ಗಳಲ್ಲಿ ಮಾತ್ರ ಇದರ ಘಟಕಗಳಿರುತ್ತವೆ. ಪದವಿ ತರಗತಿಯಲ್ಲಿ ಅಂಕಗಳಿಕೆಯಲ್ಲಿ ಮುಂದಿರುವ ಶೇ 10ರಷ್ಟು ವಿದ್ಯಾರ್ಥಿಗಳಿಗಷ್ಟೇ ಆಹ್ವಾನ ದೊರೆಯುತ್ತದೆ. ಅದೇ ವರ್ಷ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಡೆಲ್ಟಾ ಮು ಡೆಲ್ಟಾ ಹಾಗೂ 1994ರ ಸಿಗ್ಮಾ ಬೀಟಾ ಡೆಲ್ಟಾ ಈ ಮಿತಿಯನ್ನು ಶೇ 20ಕ್ಕೆ ಸಡಿಲಿಸಿವೆ.

ಇವು ಕೂಡ ಸದಸ್ಯತ್ವ ಶುಲ್ಕ ಪಡೆಯುವುದರಿಂದ, ಹಣ ಕೇಳಿದ ಮಾತ್ರಕ್ಕೆ ಮೋಸವೆಂದು ಹೇಳಲಾಗದು. ಆದರೆ ನಿಜವಾದ ಸೊಸೈಟಿಯಲ್ಲಿ ಆಯ್ಕೆ ನಡೆಯುವುದು ವಿದ್ಯಾರ್ಥಿಯ ಕಾಲೇಜಿನೊಳಗಿನ ಘಟಕದಲ್ಲಿ, ಆಕೆಗೆ ಪಾಠ ಹೇಳಿದ ಅಧ್ಯಾಪಕರ ಮೂಲಕ. ನಿಮ್ಮ ಅಂಕಪಟ್ಟಿಯನ್ನೇ ನೋಡದವರು ನಿಮ್ಮನ್ನು ಪ್ರತಿಭಾವಂತೆ ಎಂದು ಆರಿಸಿದ್ದು ಹೇಗೆ? ನಿಮ್ಮ ವಿಭಾಗದ ಮುಖ್ಯಸ್ಥರಿಗೆ ಇ-ಮೇಲ್ ತೋರಿಸಿ, ಕಾಲೇಜಿನಲ್ಲಿ ಅಂಥ ಘಟಕವಿದೆಯೇ ಎಂದು ಕೇಳಿ. ಇಲ್ಲವೆಂದರೆ ವಿಚಾರ ಅಲ್ಲಿಗೇ ಮುಗಿಯಿತು. ಬೀಟಾ ಗಾಮಾ ಸಿಗ್ಮಾ ಘಟಕಕ್ಕೆ ಬೇಕಾದ ಎಎಸಿಎಸ್‌ಬಿ ಮಾನ್ಯತೆಯಂತೂ ಭಾರತದಲ್ಲಿ ಕಲ್ಕತ್ತಾ ಐಐಎಂ, ಹೈದರಾಬಾದಿನ ಐಎಸ್‌ಬಿಯಂಥ ಸೀಮಿತ ಸಂಸ್ಥೆಗಳಿಗೆ ಮಾತ್ರ ಇದೆ.

ಎಂಬಿಎ ಪ್ರವೇಶದ ವಿಷಯಕ್ಕೆ ಬಂದರೆ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿಯಲ್ಲಿ ಸೀಟು ಹಂಚಿಕೆಯಾಗುವುದು ಪರೀಕ್ಷೆಯ ರ್‍ಯಾಂಕ್ ಮೇಲೆ. ಸೊಸೈಟಿಯ ಸದಸ್ಯತ್ವಕ್ಕೆ ಅಲ್ಲಿ ಬೆಲೆಯಿಲ್ಲ. ಓದಿನ ಮನ್ನಣೆಯೇ ಬೇಕೆಂದರೆ ನಮ್ಮ ವಿಶ್ವವಿದ್ಯಾಲಯಗಳು ಘೋಷಿಸುವ ರ್‍ಯಾಂಕ್, ಘಟಿಕೋತ್ಸವದಲ್ಲಿ ಕೊಡುವ ಚಿನ್ನದ ಪದಕ ಇದ್ದೇ ಇವೆ, ಅವಕ್ಕೆ ಯಾರೂ ವಾರದ ಗಡುವು ವಿಧಿಸುವುದಿಲ್ಲ! ಸಂದರ್ಶನವಿರುವ ಕಾಲೇಜುಗಳಲ್ಲಂತೂ ಬಯೋಡೇಟಾದ ಪ್ರತಿ ಸಾಲಿನ ಮೇಲೂ ಪ್ರಶ್ನೆ ಬರಬಹುದು. "ನಿಮ್ಮನ್ನು ಆಯ್ಕೆ ಮಾಡಿದವರು ಯಾರು?" ಎಂದರೆ ನೀವು ಏನು ಹೇಳುತ್ತೀರಿ?

ಅದರ ಬದಲು ಮನೆಯ ಹೊಲಿಗೆ ಘಟಕವನ್ನೇ ಪ್ರಾಜೆಕ್ಟ್ ಮಾಡಿಕೊಳ್ಳಿ. ಬಟ್ಟೆ ಕತ್ತರಿಸುವಲ್ಲಿಂದ ಹೊಲಿಗೆ, ವಾಷಿಂಗ್, ಪ್ಯಾಕಿಂಗ್‌ವರೆಗೆ ಒಂದು ಪ್ಯಾಂಟಿನ ಮೇಲೆ ಎಲ್ಲೆಲ್ಲಿ ಎಷ್ಟು ಖರ್ಚಾಗುತ್ತದೆ, ಮಾಲು ಸಾಗಿಸಿದ ಮೇಲೆ ವ್ಯಾಪಾರಿಯಿಂದ ಹಣ ಬರಲು ಎಷ್ಟು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಕೂಲಿಗೆ ದುಡ್ಡು ಹೇಗೆ ಹೊಂದಿಸುತ್ತಾರೆ ಎಂಬುದನ್ನು ತಂದೆಯವರ ಲೆಕ್ಕದ ಪುಸ್ತಕದಿಂದಲೇ ತೆಗೆದು ವರದಿ ಬರೆದರೆ, ಸಂದರ್ಶಕರು ಆ ವರದಿಯ ಮೇಲೆ ಎಷ್ಟು ಹೊತ್ತು ಪ್ರಶ್ನೆ ಕೇಳಿದರೂ ನೀವು ಉತ್ತರಿಸಬಲ್ಲಿರಿ.